ಪೊಟರೆಗೆ ಏಣಿ ಹಾಕಬೇಡಿ

ಮಗಳೇ, ನೀನು ಬೆಳಿಗ್ಗೆ ಗ್ರೂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗ ನೋಡಿದೆ. ಮನೆಯ ಪಕ್ಕದ ಹಳೆಯ ಮರದ ಪೊಟರೆಯಲ್ಲಿ ಗೂಬೆಗಳು ಗೂಡು ಮಾಡಿವೆ, ರಾತ್ರಿಯೆಲ್ಲ ಕೂಗುತ್ತವೆ, ಇಂದು ಮುಂಜಾನೆಯಿಂದ ಒಂದು ಮರಿ ಮರದ ಬುಡದಲ್ಲಿ ಕೂತಿದೆ, ಮೇಲೆ ಗಿಡುಗವೊಂದು ಸುತ್ತುತ್ತಿರುವುದರಿಂದ ಕೂಸನ್ನು ಅಂಗಳಕ್ಕೆ ಬಿಡಲು ಹೆದರಿಕೆಯಾಗುತ್ತದೆ, ದೊಡ್ಡ ಮಕ್ಕಳಿಬ್ಬರು ಏಣಿ ಹಾಕಿ ಪೊಟರೆಯೊಳಗೆ ಇಣುಕುತ್ತೇವೆಂದು ಹಟ ಹಿಡಿದಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀಯೆ. ಬೆರಳಿನಲ್ಲಿ ಒತ್ತಿ ಬರೆಯುವುದು ನನಗೆ ನಿಧಾನವಾದ್ದರಿಂದ ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಉದ್ದವಾದರೂ ಕೊನೆಯವರೆಗೆ ಕೇಳು, ಮಕ್ಕಳಿಗೂ ಕೇಳಿಸು.

ಕೂಸಿನ ವಿಷಯದಲ್ಲಿ ನಿಶ್ಚಿಂತಳಾಗಿರು. ಮನೆಗಳ ಸುತ್ತ ಸುಳಿಯುವ ಸಣ್ಣ ಗಿಡುಗ ಕಾಲು ಕಿಲೋದ ಆಸುಪಾಸಿನ ಪಕ್ಷಿ. ಕವಲೊಡೆದ ಬಾಲದ ಹದ್ದು ಕೂಡ ಹೆಚ್ಚೆಂದರೆ ಒಂದು ಕಿಲೋ ತೂಗೀತು. ಅಂಥ ಪಕ್ಷಿ ಮಗುವನ್ನು ಎತ್ತಿಕೊಂಡು ಹೋಗುತ್ತದೆಂಬುದು ಆಗದ ಮಾತು. ಹದ್ದುಗಳಿಗೆ ಕೈಯಲ್ಲಿರುವ ತಿಂಡಿಯನ್ನು ಕಿತ್ತುಕೊಳ್ಳುವ ಅಭ್ಯಾಸವಿದೆ, ಆದ್ದರಿಂದ ಬಯಲಿನಲ್ಲಿ ಕೂಸಿನ ಕೈಗೆ ತಿಂಡಿ ಕೊಡಬೇಡ, ಅಷ್ಟೇ ಸಾಕು. ಗೂಬೆಯ ಕೂಗಿಗಂತೂ ಹೆದರಲೇಬೇಡ. ನೀನು ರಾತ್ರಿಯೆಲ್ಲ ಕೇಳುತ್ತಿರುವುದರಲ್ಲಿ ಅರ್ಧಕ್ಕರ್ಧ ಮರಿಗಳು ಹಸಿವಿನಿಂದ ತಂದೆತಾಯಿಯನ್ನು ಕರೆಯುವ ಸದ್ದು ಇರಬಹುದು.

ನನಗೆ ಗಾಬರಿಯಾದದ್ದು ನಿನ್ನ ಪ್ರಶ್ನೆಯ ಕೊನೆಯಲ್ಲಿ ಬಂದ ಏಣಿಯ ಮಾತಿನಿಂದ. ದೊಡ್ಡ ಭಾವನವರ ಎಡ ಹುಬ್ಬಿನ ಮೇಲಿರುವ ಗುರುತನ್ನು ನೀವೆಲ್ಲ ನೋಡಿದ್ದೀರಿ. ಅದು ಹೇಗಾಯಿತೆಂಬುದನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಒಂದೊಂದು ರೀತಿ ಹೇಳುತ್ತಾರೆ. ಆ ಸಂಜೆ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡವಳು ನಾನು, ಆದ್ದರಿಂದ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಭಾವನವರ ಸ್ವಭಾವ ನಿಮಗೆ ಗೊತ್ತೇ ಇದೆ, ಒಂದು ವಸ್ತುವನ್ನು ದೂರದಿಂದ ನೋಡಿ ತೃಪ್ತಿಪಡುವವರಲ್ಲ. ಹಿತ್ತಲಿನ ಮರದ ಪೊಟರೆಯಲ್ಲಿ ಮರಿಗಳ ಸದ್ದು ಕೇಳುತ್ತಿದ್ದಂತೆಯೇ ಏಣಿ ತರಿಸಿದರು. ಹೊತ್ತು ಮುಳುಗಿತ್ತು. ನಾನು ಬೇಡವೆಂದೆ, ಅಕ್ಕನೂ ಬೇಡವೆಂದಳು. ಒಂದು ಹಿಡಿಯಷ್ಟು ದೊಡ್ಡ ಹಕ್ಕಿ ನನಗೇನು ಮಾಡೀತು ಎಂದು ಹೇಳಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮೇಲಕ್ಕೆ ಹತ್ತಿದರು.

ಗೂಬೆ ಪೊಟರೆಯೊಳಗಿಂದ ಬರಲಿಲ್ಲ. ಅವರು ಒಳಗೆ ಬೆಳಕು ಬಿಟ್ಟು ನೋಡುತ್ತಿದ್ದಾಗ ಅದು ಎದುರಿನ ಮರದಿಂದ, ಅವರ ಬೆನ್ನ ಹಿಂದಿನಿಂದ ಬಂತು. ರೆಕ್ಕೆಯ ಸದ್ದೆಂಬುದೇ ಇರಲಿಲ್ಲ. ಕಾಗೆಯೋ ಪಾರಿವಾಳವೋ ಹಾರಿದ್ದರೆ ಭಾವನವರು ತಲೆಯನ್ನಾದರೂ ತಗ್ಗಿಸುತ್ತಿದ್ದರು. ಅವರು ಯಾಕೋ ತಲೆ ತಿರುಗಿಸಿದರು, ಅದೇ ಕ್ಷಣಕ್ಕೆ ಅದು ಮುಖಕ್ಕೆ ಎರಗಿ ಹೋಯಿತು. ಟಾರ್ಚು ಕೆಳಗೆ ಬಿತ್ತು, ಏಣಿ ವಾಲಿತು, ಕೊಂಬೆಯನ್ನು ಹಿಡಿದುಕೊಂಡದ್ದರಿಂದ ಅವರು ಬೀಳದೆ ಉಳಿದರು. ಒಳಗೆ ಕರೆತಂದು ಬೆಳಕಿನಲ್ಲಿ ನೋಡಿದಾಗ ಹುಬ್ಬಿನ ಮೇಲೆ ಗೀರು ಇರಲಿಲ್ಲ, ದಬ್ಬಣದಿಂದ ಚುಚ್ಚಿದ ಹಾಗೆ ಎರಡು ತೂತುಗಳಿದ್ದವು, ಇನ್ನೊಂದು ತೂತು ರೆಪ್ಪೆಯ ಅಂಚಿನಲ್ಲಿತ್ತು. ರಕ್ತ ಹೊರಗೆ ಬಂದದ್ದು ಸ್ವಲ್ಪವೇ, ಆದರೆ ಬೆಳಗಾಗುವುದರೊಳಗೆ ಅರ್ಧ ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ರೆಪ್ಪೆಯ ಆ ಗಾಯ ಕೂದಲೆಳೆಯಷ್ಟು ಒಳಗಾಗಿದ್ದರೆ ದೃಷ್ಟಿ ಉಳಿಯುತ್ತಿರಲಿಲ್ಲವೆಂದು ಕಣ್ಣಿನ ವೈದ್ಯರು ಹೇಳಿದಾಗ ಅಕ್ಕ ಅಲ್ಲಿಯೇ ಕುಸಿದು ಕುಳಿತಳು.

ಸದ್ದಿಲ್ಲದೆ ಬರುವುದೇ ಗೂಬೆಯ ಶಕ್ತಿ. ಅದರ ರೆಕ್ಕೆಯ ಹೊರಗರಿಯ ಮುಂದಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಳೆಗಳಿರುತ್ತವೆ, ಗರಿಯ ಮೇಲ್ಮೈ ಮಖಮಲ್ಲಿನಷ್ಟು ಮೆತ್ತಗಿರುತ್ತದೆ, ಹಿಂದಿನ ಅಂಚು ಜಾಲರಿಯಾಗಿ ಬಿಡಿಬಿಡಿಯಾಗಿರುತ್ತದೆ. ಗಾಳಿ ಈ ಮೂರರ ನಡುವೆ ಚದುರಿಹೋಗುವುದರಿಂದ ರೆಕ್ಕೆ ಬಡಿದರೂ ಸದ್ದು ಹುಟ್ಟುವುದಿಲ್ಲ. ಇಲಿಗೆ ತಿಳಿಯದ ಹಾಗೆ ಎರಗಲು ಒದಗಿದ ಈ ಗರಿಗಳು ನಮಗೂ ಮುನ್ಸೂಚನೆ ಕೊಡುವುದಿಲ್ಲ. ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಪಕ್ಷಿ ಛಾಯಾಗ್ರಾಹಕರು 1937ರಲ್ಲಿ ಕಂದು ಗೂಬೆಯ ಗೂಡಿನ ಬಳಿ ಕತ್ತಲಲ್ಲಿ ಹೋಗಿದ್ದಾಗ ಹೀಗೆಯೇ ಆ ಪಕ್ಷಿ ಎರಗಿ, ಅವರು ಎಡಗಣ್ಣನ್ನು ಕಳೆದುಕೊಂಡರು. ಪಕ್ಷಿಗಳ ನಡುವೆಯೇ ಕೆಲಸ ಮಾಡುತ್ತಿದ್ದವರಿಗೇ ಹೀಗಾಗಿರುವಾಗ ಶಾಲೆಗೆ ಹೋಗುವ ಮಕ್ಕಳ ಮಾತೇನು? ಆದ್ದರಿಂದ ಸ್ಪಷ್ಟವಾಗಿ ಹೇಳುತ್ತಿದ್ದೇನೆ, ಮರಿಯಿರುವ ಪೊಟರೆಗೆ ಯಾರೂ ಏಣಿ ಹಾಕಬಾರದು, ಹಗಲಾಗಲಿ ರಾತ್ರಿಯಾಗಲಿ ಹತ್ತಬಾರದು. ಗಿಡುಗ, ಹದ್ದುಗಳ ಗೂಡಿಗೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ಮನಸ್ಸಿನಲ್ಲಿ ಇಂದಿಗೂ ಕೊರೆಯುತ್ತಿರುವುದು ಆಮೇಲೆ ನಡೆದ ಸಂಗತಿ. ಭಾವನವರಿಗೆ ಗಾಯವಾದ ಮರುದಿನದಿಂದ ಎಲ್ಲರೂ ಗೂಬೆಯನ್ನು ದೂರಿದರೇ ಹೊರತು ಏಣಿಯನ್ನು ದೂರಿದವರು ಒಬ್ಬರೂ ಇರಲಿಲ್ಲ. ತನ್ನ ಮರಿಗಳ ಮುಖಕ್ಕೆ ಬೆಳಕು ಬಿಟ್ಟವನನ್ನು ಓಡಿಸಿದ ತಾಯಿ ತಪ್ಪು ಮಾಡಿತೆಂದು ಯಾವ ನ್ಯಾಯದಲ್ಲಿ ಹೇಳುವುದು? ಮರಿಗಳು ಹಾರಿಹೋಗುವುದನ್ನು ಕಾದು, ಅಕ್ಕಪಕ್ಕದವರು ಸೇರಿ ಪೊಟರೆಗೆ ಸಿಮೆಂಟು ತುಂಬಿಸಿದರು. ಗೂಬೆ ಪೊಟರೆಯನ್ನು ತಾನೇ ಕೊರೆದುಕೊಳ್ಳುವ ಪಕ್ಷಿಯಲ್ಲ. ಕೊಂಬೆ ಮುರಿದ ಜಾಗ ಕೊಳೆತು, ಎಷ್ಟೋ ವರ್ಷಗಳಲ್ಲಿ ತಾನಾಗಿ ಟೊಳ್ಳಾಗಬೇಕು, ಇಲ್ಲವೇ ಮರಕುಟಿಗ ಬಿಟ್ಟುಹೋದ ತೂತು ಸಿಗಬೇಕು. ಅಷ್ಟು ವರ್ಷಗಳಲ್ಲಿ ಆದದ್ದನ್ನು ಒಂದು ಮಧ್ಯಾಹ್ನದಲ್ಲಿ ಮುಚ್ಚಿದರು. ನಾನು ಅಡ್ಡ ಬಂದಾಗ, ನಿಮಗೆ ಮನುಷ್ಯರಿಗಿಂತ ಹಕ್ಕಿ ಹೆಚ್ಚೇ ಎಂದು ಕೇಳಿದರು. ಆ ಮಾತನ್ನು ನಾನು ಮರೆತಿಲ್ಲ.

ಜೋಡಿ ದೂರದ ಪಾಳುಗೋಡೆಗೆ ಹೋಯಿತು. ನಮ್ಮ ಹಿತ್ತಲಿನಲ್ಲಿ ಇಲಿಗಳ ಓಡಾಟ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಒಂದು ಕಣಜಗೂಬೆ ಒಂದು ರಾತ್ರಿಗೆ ಮೂರ್ನಾಲ್ಕು ಇಲಿ ಹಿಡಿಯುತ್ತದೆ, ಮರಿಗಳಿದ್ದರೆ ಇನ್ನೂ ಹೆಚ್ಚು. ಆ ಕೆಲಸ ನಿಂತದ್ದೇ ತಡ, ಪೊಟರೆ ಮುಚ್ಚಿಸಿದವರೇ ಮೂಲೆಮೂಲೆಗೆ ಇಲಿಪಾಷಾಣ ಇಟ್ಟರು. ಈಗಿನ ಇಲಿಪಾಷಾಣಗಳಲ್ಲಿ ಬ್ರೋಡಿಫೇಕಮ್, ಬ್ರೋಮಾಡಯೋಲೋನ್ ಎಂಬಂಥ ಔಷಧಗಳಿರುತ್ತವೆ. ಅವು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸ ಮಾಡದಂತೆ ತಡೆಯುತ್ತವೆ. ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಮಂಕಾಗಿ ಬಯಲಿನಲ್ಲಿ ತಿರುಗಾಡುತ್ತದೆ. ಹಾಗೆ ನಿಧಾನವಾಗಿ ನಡೆಯುವ ಇಲಿಯೇ ಗೂಬೆಗೂ ಗಿಡುಗಕ್ಕೂ ಸುಲಭವಾಗಿ ಸಿಗುತ್ತದೆ. ವಿಷ ಅವುಗಳ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಒಂದೊಂದೇ ಇಲಿಯ ವಿಷ ಸೇರುತ್ತ ಹೋಗುತ್ತದೆ. ನೀರಿನ ತೊಟ್ಟಿಯ ಹಿಂದೆ ಒಂದು ಗೂಬೆ ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿಲ್ಲ, ಗರಿ ಕೆದರಿಲ್ಲ, ಕೊಕ್ಕಿನ ಬದಿಯಲ್ಲಿ ಮಾತ್ರ ಒಣಗಿದ ರಕ್ತವಿತ್ತು. ಪಶುವೈದ್ಯರು ಕೊಯ್ದು ನೋಡಿದಾಗ ಹೊಟ್ಟೆಯೊಳಗೆ ರಕ್ತ ತುಂಬಿತ್ತು.

ಇದನ್ನೆಲ್ಲ ನಾನು ಈ ಗ್ರೂಪಿನಲ್ಲಿಯೇ ಹಿಂದೆಯೂ ಹೇಳಿದ್ದೇನೆ. ಗೂಡಿಗೆ ಮುಖವಿಟ್ಟು ತೆಗೆದ ಫೋಟೋಗಳನ್ನು ಹಂಚಬೇಡಿ, ಅದನ್ನು ನೋಡಿ ಇನ್ನೊಬ್ಬರು ಹತ್ತುತ್ತಾರೆ ಎಂದೆ. ಮೊಬೈಲಿನಲ್ಲಿ ಗೂಬೆಯ ಕೂಗನ್ನು ಹಾಕಿ ಅದನ್ನು ಕರೆಯಬೇಡಿ, ತನ್ನ ಜಾಗಕ್ಕೆ ಬೇರೊಂದು ಗೂಬೆ ಬಂದಿದೆಯೆಂದು ತಿಳಿದು ಅದು ಬೇಟೆಯನ್ನು ಬಿಟ್ಟು ಅಲೆಯುತ್ತದೆ, ಒಳಗೆ ಮರಿಗಳು ಹಸಿದಿರುತ್ತವೆ ಎಂದೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರಗಳು ಬಂದವು, ಮುಂದಿನ ವಾರ ಮತ್ತೆ ಅದೇ ರೀತಿಯ ಫೋಟೋಗಳು ಬಂದವು. ಹಿರಿಯರ ಮಾತೆಂದು ತಲೆಯಾಡಿಸಿ ಬಿಟ್ಟುಬಿಡುವುದು ನನಗೆ ಬೇಸರ ತರುತ್ತದೆ. ಇದು ನನ್ನ ಗೌರವದ ಪ್ರಶ್ನೆಯಲ್ಲ, ಭಾವನವರ ಕಣ್ಣಿನ ಮತ್ತು ಆ ಸತ್ತ ಪಕ್ಷಿಯ ಪ್ರಶ್ನೆ. ಇನ್ನೊಂದು ಸಲ ಹೇಳುತ್ತೇನೆ, ಮಕ್ಕಳೇ ನೀವೂ ಕೇಳಿ, ಪೊಟರೆಗೆ ಏಣಿ ಹಾಕಬೇಡಿ. ಏಣಿಯನ್ನು ಇಂದೇ ಒಳಗಿಡಿ.

ಇಷ್ಟೆಲ್ಲ ಹೇಳುವುದರಲ್ಲಿ, ಮಗಳೇ, ಬುಡದಲ್ಲಿ ಕೂತಿರುವ ಮರಿಯ ವಿಷಯ ಉಳಿದುಹೋಯಿತು, ನಿನಗೆ ಈಗಲೇ ಬೇಕಾದದ್ದು ಅದು. ನಿಮ್ಮ ಬೆಕ್ಕನ್ನು ಮೊದಲು ಒಳಗೆ ಹಾಕಿ ಬಾಗಿಲು ಮುಚ್ಚು. ಆಮೇಲೆ ಕಿಟಕಿಯಿಂದ ಮರಿಯ ಮುಖವನ್ನು ಗಮನಿಸು. ಮುಖ ಬಿಳಿಯಾಗಿ, ಹೃದಯದ ಆಕಾರದಲ್ಲಿದ್ದರೆ ಅದು ಕಣಜಗೂಬೆ. ಮುಖ ದುಂಡಗಿದ್ದರೆ ಬೇರೆ ಜಾತಿಯದು. ಎರಡಕ್ಕೂ ಮಾಡಬೇಕಾದದ್ದು ಬೇರೆ ಬೇರೆ.

ದುಂಡುಮುಖದ ಗೂಬೆಗಳಲ್ಲಿ ಹಲವು ಜಾತಿಯ ಮರಿಗಳು ಹಾರಲು ಕಲಿಯುವ ಮೊದಲೇ ಗೂಡಿನಿಂದ ಹೊರಬಂದು ಕೊಂಬೆಯಿಂದ ಕೊಂಬೆಗೆ ನಡೆಯುತ್ತವೆ. ಕೆಳಗೆ ಬಿದ್ದರೂ ಉಗುರು, ಕೊಕ್ಕುಗಳಿಂದ ತೊಗಟೆಯನ್ನು ಹಿಡಿದು, ರೆಕ್ಕೆ ಬಡಿಯುತ್ತ ಮತ್ತೆ ಹತ್ತಬಲ್ಲವು. ಕಣ್ಣು ತೆರೆದು, ತುಪ್ಪುಳ ತುಂಬಿ, ನಿನ್ನನ್ನು ಕಂಡು ಕೊಕ್ಕು ಕಟಕಟಿಸುತ್ತಿದ್ದರೆ ಅದು ಆರೋಗ್ಯವಾಗಿದೆ, ಅದರ ಪಾಡಿಗೆ ಬಿಡು. ಕತ್ತಲಾದ ಮೇಲೆ ತಂದೆತಾಯಿ ಬಂದು ಉಣಿಸುತ್ತವೆ. ಜಾಗ ಅಪಾಯದ್ದಾಗಿದ್ದರೆ ಮಾತ್ರ, ಹಗಲು ಹೊತ್ತಿನಲ್ಲಿ, ದೊಡ್ಡವರು ಕನ್ನಡಕ ಮತ್ತು ದಪ್ಪ ಕೈಗವಸು ಹಾಕಿಕೊಂಡು, ಮರಿಯ ಮೇಲೆ ಟವೆಲ್ಲು ಹೊದಿಸಿ, ಕಾಲುಗಳನ್ನು ಸೇರಿಸಿ ಹಿಡಿದು, ನೆಲದ ಮೇಲೆ ನಿಂತೇ ಕೈಗೆ ಎಟಕುವ ಕೊಂಬೆಯ ಮೇಲೆ ಕೂರಿಸಬೇಕು. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆಂಬುದು ನಿಜವಲ್ಲ.

ಕಣಜಗೂಬೆಯ ಮರಿಯಾಗಿದ್ದರೆ ನೆಲದ ಮೇಲೆ ಬಿಡಬಾರದು, ಏಕೆಂದರೆ ಕಣಜಗೂಬೆಗಳು ಗೂಡಿನಿಂದ ಕೆಳಗೆ ಬಿದ್ದ ಮರಿಗೆ ಸಾಮಾನ್ಯವಾಗಿ ಉಣಿಸುವುದಿಲ್ಲ. ಅದು ಗೂಡಿಗೇ ಮರಳಬೇಕು. ಆ ಕೆಲಸವನ್ನು ನೀವು ಮಾಡಬೇಡಿ, ವನ್ಯಜೀವಿ ರಕ್ಷಕರನ್ನು ಕರೆಸಿ, ಅವರಿಗೆ ಹತ್ತುವ ರೀತಿ ತಿಳಿದಿರುತ್ತದೆ. ಯಾವ ಜಾತಿಯದೇ ಆಗಲಿ, ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಕಂಡರೆ, ನೊಣ ಮುತ್ತಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕೂರಿಸಿ, ಕತ್ತಲೆಯ ಸದ್ದಿಲ್ಲದ ಮೂಲೆಯಲ್ಲಿಟ್ಟು ಅವರಿಗೋ ಪಶುವೈದ್ಯರಿಗೋ ತಲುಪಿಸಬೇಕು. ಬೆಕ್ಕಿನ ಹಲ್ಲಿನ ಗಾಯ ಕಣ್ಣಿಗೆ ಕಾಣದಿದ್ದರೂ ನಂಜಾಗುತ್ತದೆ. ಅಲ್ಲಿಯವರೆಗೆ ಬಾಯಿಗೆ ನೀರು, ಹಾಲು ಏನನ್ನೂ ಹಾಕಬೇಡಿ.

ಮಕ್ಕಳಿಗೆ ನೋಡುವ ಆಸೆಯಿದ್ದರೆ ನಾನು ಬೇಡವೆನ್ನುವುದಿಲ್ಲ, ನೋಡಲೇಬೇಕು. ಸೂರ್ಯ ಮುಳುಗಿದ ಮೇಲೆ ಕೋಣೆಯ ದೀಪ ಆರಿಸಿ, ಕಿಟಕಿಯ ಬಳಿ ಸುಮ್ಮನೆ ಕೂರಲಿ. ನಮ್ಮ ಮನೆಯಲ್ಲಿ ನನ್ನ ಹಳೆಯ ಬೈನಾಕ್ಯುಲರ್ ಇದೆ. ಅದರ ಮೇಲೆ 8x42 ಎಂದು ಬರೆದಿದೆ, ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲವಿರುವುದರಿಂದ ಮಬ್ಬುಗತ್ತಲಲ್ಲಿಯೂ ಉಪಯೋಗಕ್ಕೆ ಬರುತ್ತದೆ. ನಾಳೆ ಯಾರಾದರೂ ಬಂದು ತೆಗೆದುಕೊಂಡು ಹೋಗಲಿ. ಗೂಬೆಯ ಕಣ್ಣುಗುಡ್ಡೆ ಆಚೀಚೆ ಹೊರಳುವುದಿಲ್ಲ, ಆದ್ದರಿಂದಲೇ ಅದು ಕತ್ತನ್ನು ಸುಮಾರು 270 ಡಿಗ್ರಿಯವರೆಗೆ ತಿರುಗಿಸುತ್ತದೆ. ಅದನ್ನು ಮಕ್ಕಳು ಕಿಟಕಿಯಿಂದಲೇ ಕಣ್ತುಂಬ ನೋಡಬಹುದು. ಗೂಡು ಬಿಟ್ಟು ಗೂಬೆಗಳು ಹಗಲು ಕೂರುವ ಬೇರೆ ಮರಗಳ ಕೆಳಗೆ ಅವು ಉಗುಳಿದ ಬೂದು ಬಣ್ಣದ ಉಂಡೆಗಳು ಬಿದ್ದಿರುತ್ತವೆ. ಕೈಗವಸು ಹಾಕಿಕೊಂಡು ನೀರಿನಲ್ಲಿ ನೆನೆಸಿ ಬಿಡಿಸಿದರೆ ಇಲಿಯ ತಲೆಬುರುಡೆ, ಹಲ್ಲು, ಪಕ್ಕೆಲುಬುಗಳು ಒಂದೊಂದಾಗಿ ಸಿಗುತ್ತವೆ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಹಗಲಿನಲ್ಲಿ ಕಾಗೆಗಳು, ಸಣ್ಣ ಹಕ್ಕಿಗಳು ಒಂದೇ ಕೊಂಬೆಯ ಸುತ್ತ ಸೇರಿ ಬೊಬ್ಬೆ ಹಾಕುತ್ತಿದ್ದರೆ, ಅಲ್ಲಿ ಗೂಬೆಯೋ ಗಿಡುಗವೋ ಕೂತಿದೆಯೆಂದು ತಿಳಿಯಬಹುದು. ನಿನ್ನ ತಲೆಯ ಮೇಲೆ ಸುತ್ತುತ್ತಿರುವುದು ಯಾವುದೆಂದು ಅದರ ಆಕಾರವೇ ಹೇಳುತ್ತದೆ. ಮೊಂಡಾದ ರೆಕ್ಕೆ, ಉದ್ದ ಬಾಲವಿದ್ದರೆ ಗಿಡುಗ, ಚೂಪಾದ ರೆಕ್ಕೆಯಾದರೆ ಡೇಗೆ, ಬಾಲ ಕವಲಾಗಿದ್ದರೆ ಹದ್ದು. ಹಗಲು ಹೊತ್ತು ಮರಿಗೆ ಗಿಡುಗಕ್ಕಿಂತ ನಿಮ್ಮ ಬೆಕ್ಕಿನ ಅಪಾಯವೇ ಹೆಚ್ಚು. ಮನೆಯಲ್ಲಿ ಇಲಿಪಾಷಾಣ ಇಟ್ಟಿದ್ದರೆ ಇಂದೇ ತೆಗೆದುಬಿಡು, ಪಕ್ಕದವರನ್ನೂ ಕೇಳಿಕೋ. ಮರಿಯ ಮುಖ ದುಂಡಗಿದೆಯೇ, ಹೃದಯದ ಆಕಾರದಲ್ಲಿದೆಯೇ ಎಂಬುದನ್ನು ನೋಡಿದ ತಕ್ಷಣ ನನಗೆ ಫೋನ್ ಮಾಡು, ನಾನು ಕಾಯುತ್ತಿರುತ್ತೇನೆ.