ಹೊಸದಾಗಿ ಸಿದ್ಧಪಡಿಸಿದ ಎಂಜಿಎ ಕಾರಿನಲ್ಲಿ ಯಾವ ಭಾಗ ಅದರದ್ದು, ಯಾವುದು ಬೇರೆಯದು?

ಪ್ರಶ್ನೆ – ಕೋಡಿಬಾಗ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಹೊತ್ತಿಗೆ ನಾನು 1957ರ ಎಂಜಿಎ 1500 ಕಾರೊಂದನ್ನು, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು, ಕೊಂಡುಕೊಂಡೆ. ಜಿಲ್ಲೆಯ ಹೊರಗಿನ ಗ್ಯಾರೇಜೊಂದರಲ್ಲಿ ಪೂರ್ತಿ ಬಿಚ್ಚಿ, ಬಣ್ಣ ಹೊಡೆದು, ಸೀಟು ಹೊಲಿಸಿ ಸಿದ್ಧಪಡಿಸಿದ ಕಾರು ಅದು. ಒಂದೊಂದು ನಟ್ಟೂ ಮೂಲದ್ದೇ ಎಂದು ಮಾರಿದವರು ಹೇಳಿದ್ದರು. ಬಾಲ್ಯದಲ್ಲಿ ಬೈತಕೋಲ ಬಂದರಿನ ಹತ್ತಿರ ಇಂಥದೇ ಒಂದು ಕಾರನ್ನು ಕಂಡಾಗಿನಿಂದ ಇದ್ದ ಆಸೆ ಈಡೇರಿತೆಂಬ ಸಂತೋಷದಲ್ಲಿ ನಾನೂ ಹೆಚ್ಚು ಪರೀಕ್ಷೆ ಮಾಡಲಿಲ್ಲ. ಈಗ ನಾಲ್ಕು ಸಂಗತಿಗಳು ಮನಸ್ಸಿಗೆ ಸಮಾಧಾನ ಕೊಡುತ್ತಿಲ್ಲ.

ಎಂಜಿನ್ ಎಷ್ಟು ವೇಗವಾಗಿ ಸುತ್ತುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರಿನ ಮುಳ್ಳು ಕಾರು ಬಂದ ದಿನದಿಂದ ಸೊನ್ನೆ ಬಿಟ್ಟು ಏಳಲಿಲ್ಲ. ಮೀಟರ್ ಕೆಟ್ಟಿರಬೇಕೆಂದು ರಿಪೇರಿಯವರ ಬಳಿ ಒಯ್ದರೆ, ಅವರು ಡ್ರಿಲ್ಲಿನಿಂದ ತಿರುಗಿಸಿ ತೋರಿಸಿದರು. ಮುಳ್ಳು ಸರಾಗವಾಗಿ ಏಳುತ್ತದೆ. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದೆ. ಕೇಬಲ್ಲಿನ ತುದಿಗೆ ಕಪ್ಪು ಟೇಪು ಸುತ್ತಿ, ಅದನ್ನು ವೈರಿಂಗಿನ ಜೊತೆ ಕಟ್ಟಿಬಿಟ್ಟಿದ್ದಾರೆ. ಎರಡನೆಯದು, ಹಿಂಬದಿಯ ಕೆಂಪು ದೀಪದ ಜೊತೆಗೆ ಬೇರೆಯೇ ಆದ ಹಳದಿ ಇಂಡಿಕೇಟರ್ ಇದೆ. ಹಳೆಯ ಚಿತ್ರಗಳಲ್ಲಿ 1500 ಕಾರಿಗೆ ಅದು ಕಾಣುವುದಿಲ್ಲ. ಮೂರನೆಯದು, ಅಯಸ್ಕಾಂತವು ಬಾನೆಟ್ಟಿಗೂ ಎಡಬಾಗಿಲಿಗೂ ಅಂಟುವುದಿಲ್ಲ, ಬಲಬಾಗಿಲಿಗೆ ಗಟ್ಟಿಯಾಗಿ ಅಂಟುತ್ತದೆ. ಕೊನೆಯದಾಗಿ, ಹೋದ ವಾರ ಶಿರಸಿಗೆ ಹೊರಟಾಗ ಕುಮಟಾ ದಾಟಿದ ಮೇಲೆ ಮುಂದಿನ ಬಲಚಕ್ರದಿಂದ ಟಕ್ ಟಕ್ ಸದ್ದು ಬರತೊಡಗಿತು. ಇಳಿದು ನೋಡಿದರೆ ತಂತಿಚಕ್ರದ ನಡುವಿನ ಕಿವಿನಟ್ಟು (ಚಕ್ರವನ್ನು ಹಿಡಿದಿಡುವ, ಕಿವಿಗಳುಳ್ಳ ದೊಡ್ಡ ನಟ್ಟು) ಅರ್ಧ ಸುತ್ತು ಸಡಿಲವಾಗಿತ್ತು. ಇವುಗಳಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕು, ಯಾವುದು ನಿಜವಾಗಿಯೂ ಬೇರೆ ಕಾರಿನದು ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಹೊನ್ನಾವರ

ಮಾನ್ಯರೇ, ಉಳಿದ ಮೂರನ್ನು ಸದ್ಯ ಬದಿಗಿಡಿ. ಆ ಚಕ್ರವನ್ನು ಪರೀಕ್ಷಿಸುವವರೆಗೆ ಕಾರನ್ನು ಅಂಗಳದಿಂದ ಹೊರಗೆ ತರಬೇಡಿ. ದೇವಿಮನೆ ಘಟ್ಟಕ್ಕಂತೂ ಖಂಡಿತ ಒಯ್ಯಬೇಡಿ.

ಈ ಕಾರುಗಳಲ್ಲಿ ಎಡಬದಿಯ ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಸಾಮಾನ್ಯ ಥ್ರೆಡ್ಡೂ ಬಲಬದಿಯ ಹಬ್ಬಿಗೆ ಲೆಫ್ಟ್ ಥ್ರೆಡ್ಡೂ, ಅಂದರೆ ಉಲ್ಟಾ ತಿರುವೂ, ಇರುತ್ತವೆ. ಬಲಬದಿಯಲ್ಲಿ ನಿಂತು ನೋಡಿದಾಗ ಕಿವಿನಟ್ಟು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಬೇಕು. ಎರಡೂ ಬದಿಗೆ ಅನ್ವಯಿಸುವಂತೆ ನೆನಪಿಡುವುದಾದರೆ, ಮೇಲಿನ ಕಿವಿಯನ್ನು ಕಾರಿನ ಹಿಂಭಾಗದ ಕಡೆಗೆ ಹೊಡೆದರೆ ಬಿಗಿಯಾಗಬೇಕು, ಮುಂಭಾಗದ ಕಡೆಗೆ ಹೊಡೆದರೆ ಸಡಿಲವಾಗಬೇಕು. ನಿಮ್ಮಲ್ಲಿ ಇದು ತಿರುವುಮುರುವಾಗಿದ್ದರೆ ಎಡಬದಿಯ ಹಬ್ಬನ್ನು ಬಲಬದಿಗೆ ಕೂರಿಸಿದ್ದಾರೆಂದೇ ಅರ್ಥ, ಮತ್ತು ಅಂಥ ನಟ್ಟು ಎಷ್ಟೇ ಬಿಗಿದರೂ ಓಡುತ್ತ ಓಡುತ್ತ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ದಿಕ್ಕು ಸರಿಯಿದ್ದರೆ ಚಕ್ರ ಕಳಚಿ, ಒಳಗಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ತುದಿ ಚಪ್ಪಟೆಯಾಗಿದ್ದರೆ ಸರಿ. ಚಾಕುವಿನಂತೆ ಚೂಪಾಗಿದ್ದರೆ ಹಬ್ಬು, ಚಕ್ರ ಎರಡೂ ಸವೆದಿವೆ, ಎರಡನ್ನೂ ಒಟ್ಟಿಗೇ ಬದಲಿಸಬೇಕು. ಹೊಡೆಯುವುದಕ್ಕೆ ತಾಮ್ರದ ಸುತ್ತಿಗೆಯನ್ನೇ ಬಳಸಿ.

ಉತ್ತರ – ಶಿರಸಿ

ಹೊನ್ನಾವರದವರು ಹೇಳಿದ್ದನ್ನು ಮೊದಲು ಮಾಡಿ. ನಾನು ಟ್ಯಾಕೋಮೀಟರಿನ ವಿಷಯ ಬರೆಯುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ನಮ್ಮ ದೇಶದ ಎಂಜಿಎಗಳ ನಿಜವಾದ ಕಥೆ ಆ ಟೇಪು ಸುತ್ತಿದ ಕೇಬಲ್ಲಿನಲ್ಲಿಯೇ ಇರುತ್ತದೆ.

ಎಂಜಿಎ 1500ರ ಎಂಜಿನ್ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್, 1489 ಸಿಸಿ. ಉತ್ತರಪಾರಾದಲ್ಲಿ ತಯಾರಾದ ನಮ್ಮ ಅಂಬಾಸಿಡರ್ ಕಾರಿಗೆ ಬಹುಕಾಲ ಬರುತ್ತಿದ್ದ ಪೆಟ್ರೋಲ್ ಎಂಜಿನ್ನೂ ಅದೇ ಬಿ-ಸೀರೀಸ್, ಅದೇ 1489 ಸಿಸಿ. ಬೋರ್ (ಸಿಲಿಂಡರಿನ ಅಗಲ) ಒಂದೇ, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಒಂದೇ, ದೂರದಿಂದ ನೋಡಿದರೆ ಆಕಾರವೂ ಒಂದೇ. ಬಿಡಿಭಾಗ ಆಮದು ಮಾಡಿಕೊಳ್ಳುವುದು ಕಷ್ಟವಾಗಿದ್ದ ಕಾಲದಲ್ಲಿ ಎಂಜಿಎ ಎಂಜಿನ್ ಒಡೆದರೆ ಪಕ್ಕದ ಗ್ಯಾರೇಜಿನಲ್ಲಿ ಬಿದ್ದಿದ್ದ ಅಂಬಾಸಿಡರ್ ಎಂಜಿನ್ನನ್ನು ಎತ್ತಿ ಕೂರಿಸುತ್ತಿದ್ದರು, ಕಾರು ಮತ್ತೆ ರಸ್ತೆಗೆ ಇಳಿಯುತ್ತಿತ್ತು. ಹಾಗೆ ಮಾಡಿದ ಮೇಸ್ತ್ರಿಗಳ ಮೇಲೆ ನನಗೆ ಗೌರವವಿದೆ. ಅವರಿಲ್ಲದಿದ್ದರೆ ಇಂದು ಉಳಿದಿರುವ ಎಷ್ಟೋ ಕಾರುಗಳು ಎಂದೋ ಗುಜರಿಗೆ ಹೋಗಿರುತ್ತಿದ್ದವು. ತಪ್ಪಿರುವುದು ಅದನ್ನು ಮೂಲ ಎಂಜಿನ್ ಎಂದು ಹೇಳಿ ಮಾರುವುದರಲ್ಲಿ.

ಗುರುತಿಸುವ ಬಗೆ ಹೀಗೆ. ಎಂಜಿಎಯ ಟ್ಯಾಕೋಮೀಟರ್ ವಿದ್ಯುತ್ತಿನಿಂದ ನಡೆಯುವುದಲ್ಲ. ಬ್ಲಾಕಿನ ಎಡಬದಿಯಲ್ಲಿ, ಅಂದರೆ ಕಾರ್ಬೊರೇಟರ್ ಇರುವ ಬದಿಯಲ್ಲಿ, ಹಿಂತುದಿಗೆ ಹತ್ತಿರವಾಗಿ ಒಂದು ಸಣ್ಣ ಗೇರ್ ಹೌಸಿಂಗ್ ಇರುತ್ತದೆ. ಕ್ಯಾಮ್‌ಶಾಫ್ಟ್ ಅದನ್ನು ತಿರುಗಿಸುತ್ತದೆ, ಕೇಬಲ್ ಅಲ್ಲಿಂದ ಹೊರಡುತ್ತದೆ. ಅಂಬಾಸಿಡರಿಗೆ ಟ್ಯಾಕೋಮೀಟರೇ ಇರಲಿಲ್ಲವಾದ್ದರಿಂದ ಅದರ ಬ್ಲಾಕಿನಲ್ಲಿ ಆ ರಂಧ್ರ ಇರುವುದಿಲ್ಲ. ಸಣ್ಣ ಕನ್ನಡಿ ಮತ್ತು ಟಾರ್ಚು ಹಿಡಿದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ನೋಡಿ. ರಂಧ್ರ ಇಲ್ಲದಿದ್ದರೆ ಮುಂದೆ ವಾದಕ್ಕೆ ಜಾಗವಿಲ್ಲ.

ಆಮೇಲೆ ಎಂಜಿನ್ ನಂಬರ್ ನೋಡಿ. ಅದು ಬ್ಲಾಕಿನ ಬಲಬದಿಯಲ್ಲಿ, ಡೈನಮೋ ಇರುವ ಕಡೆ, ಸಣ್ಣ ತಗಡಿನ ಮೇಲೆ ಇರುತ್ತದೆ. 1500ರ ನಂಬರಿನಲ್ಲಿ 15ಜಿಬಿ ಅಥವಾ ಕೊನೆಗಾಲದ ಕಾರಾದರೆ 15ಜಿಡಿ ಎಂಬ ಅಕ್ಷರಗಳು ಕಾಣಬೇಕು. 16ಜಿಎ ಇದ್ದರೆ ಅದು 1500ರ ನಂತರ ಬಂದ, 1588 ಸಿಸಿಯ ಎಂಜಿಎ 1600 ಕಾರಿನದು. ಆದರೆ ತಗಡನ್ನು ಯಾರು ಬೇಕಾದರೂ ಕಿತ್ತು ಬೇರೆಡೆ ಕೂರಿಸಬಹುದಾದ್ದರಿಂದ ಅದನ್ನೊಂದನ್ನೇ ನಂಬಬೇಡಿ. ಡೈನಮೋ, ಸ್ಟಾರ್ಟರ್, ವೈಪರ್ ಮೋಟರುಗಳ ಮೈಮೇಲೆ ಲ್ಯೂಕಸ್ ಕಂಪನಿಯವರು ತಿಂಗಳು ಮತ್ತು ವರ್ಷವನ್ನು ಒತ್ತುತ್ತಿದ್ದರು. 3 57 ಎಂದಿದ್ದರೆ 1957ರ ಮಾರ್ಚ್. ನಟ್ಟು ಬೋಲ್ಟುಗಳೂ ಮಾತಾಡುತ್ತವೆ: ಮೂಲದವು ಇಂಚಿನ ಅಳತೆಯವು, ಅರ್ಧ ಇಂಚಿನ ತಲೆಗೆ 12 ಮಿ.ಮೀ. ಪಾನಾ ಹೋಗುವುದಿಲ್ಲ, 13ರದ್ದು ಸ್ವಲ್ಪ ಅಲುಗಾಡುತ್ತದೆ. 13ರ ಪಾನಾ ಅಚ್ಚುಕಟ್ಟಾಗಿ ಕೂತರೆ ಆ ಬೋಲ್ಟು ಈಚೆಗೆ ನಮ್ಮ ಪೇಟೆಯಲ್ಲಿ ಕೊಂಡದ್ದು.

ಹಳದಿ ಇಂಡಿಕೇಟರ್ 1959ರಲ್ಲಿ ಬಂದ 1600ರ ದೀಪ. ಅದರಿಂದ ಹಿಂದಿನವರಿಗೆ ನೀವು ತಿರುಗುವುದು ಚೆನ್ನಾಗಿ ಕಾಣುತ್ತದೆ, ಹಾಗೇ ಇರಲಿ. ಬಾಗಿಲಿನ ಮಾತು ಬೇರೆ. ಎಂಜಿಎಯ ಬಾನೆಟ್, ಡಿಕ್ಕಿಯ ಮುಚ್ಚಳ, ಬಾಗಿಲಿನ ಹೊರಹೊದಿಕೆ ಮೂರೂ ಅಲ್ಯೂಮಿನಿಯಂ. ಬಲಬಾಗಿಲಿಗೆ ಅಯಸ್ಕಾಂತ ಅಂಟುತ್ತದೆಂದರೆ ಅದಕ್ಕೆ ಕಬ್ಬಿಣದ ತಗಡು ಹೊದಿಸಿದ್ದಾರೆ. ಕಾರವಾರದ ಉಪ್ಪುಗಾಳಿಗೆ ಅದರ ಅಂಚು ಎರಡು ಮಳೆಗಾಲವೂ ತಡೆಯುವುದಿಲ್ಲ. ಜೊತೆಗೆ ಚಾಪೆ ಎತ್ತಿ ನೆಲವನ್ನೂ ನೋಡಿ: ಇದರ ನೆಲ ಪ್ಲೈವುಡ್ಡಿನದು. ತಗಡು ಬೆಸೆದಿದ್ದರೆ ಅದೂ ಬೇರೆಯವರ ಕೈಕೆಲಸ.

ಉತ್ತರ – ಅಂಕೋಲಾ

ಕಾಗದಪತ್ರದ ಕಡೆಗೂ ಗಮನವಿರಲಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆದ್ದರಿಂದ ಎಂಜಿನ್ ಬದಲಾಗಿದ್ದರೆ ಅರ್ಜಿ ಹಾಕುವ ಮೊದಲೇ ತಿಳಿದಿರುವುದು ಒಳ್ಳೆಯದು. ಆರ್‌ಸಿಯಲ್ಲಿರುವ ನಂಬರನ್ನು ಬ್ಲಾಕಿನ ಜೊತೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಮುಚ್ಚಿಡದೆ ಕಾರವಾರದ ಆರ್‌ಟಿಒ ಕಚೇರಿಯಲ್ಲಿಯೇ ಕೇಳಿ. ಇನ್ನೊಂದು ದಾರಿಯೂ ಇದೆ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಿನವರು ಕಾರ್ಖಾನೆಯ ದಾಖಲೆ ನೋಡಿ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತಾರೆ. ಚಾಸಿ ನಂಬರ್ ಕಳಿಸಿ ಶುಲ್ಕ ಕಟ್ಟಿದರೆ, ಎಂಜಿ ಕಾರ್ಖಾನೆಯಿದ್ದ ಅಬಿಂಗ್ಡನ್‌ನಿಂದ ಹೊರಬಿದ್ದಾಗ ಆ ಕಾರಿಗೆ ಯಾವ ಎಂಜಿನ್ ನಂಬರ್, ಯಾವ ಬಣ್ಣ ಇತ್ತು ಎಂಬುದು ಅದರಲ್ಲಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ – ಕೋಡಿಬಾಗ, ಕಾರವಾರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಭಾನುವಾರ ಪೂರ್ತಿ ಕಾರಿನ ಜೊತೆಗೇ ಕಳೆದೆ.

ಹೊನ್ನಾವರದವರ ಊಹೆ ನಿಜವಾಯಿತು. ಮುಂದಿನ ಬಲಚಕ್ರದ ನಟ್ಟಿನ ಮೇಲಿನ ಕಿವಿಯನ್ನು ಹಿಂದಕ್ಕೆ ಹೊಡೆದಾಗ ಅದು ಬಿಗಿಯಾಗಲಿಲ್ಲ, ಬಿಚ್ಚಿಕೊಂಡಿತು. ಎಡಬದಿಯದು ಸರಿಯಾಗಿಯೇ ಇದೆ. ಅಂದರೆ ನನ್ನ ಕಾರಿನ ಮುಂದೆ ಎರಡೂ ಎಡಬದಿಯ ಹಬ್ಬುಗಳೇ ಇವೆ. ಆ ಸದ್ದನ್ನು ಗಮನಿಸದೆ ನಾನು ಘಟ್ಟ ಹತ್ತಿದ್ದರೆ ಏನಾಗುತ್ತಿತ್ತೆಂದು ನೆನೆದು ರಾತ್ರಿ ನಿದ್ದೆ ಬರಲಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಮಗಳಿದ್ದಳು. ಕಾರನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿದ್ದೇನೆ.

ಕನ್ನಡಿ ಹಿಡಿದು ಬ್ಲಾಕಿನ ಎಡಬದಿಯನ್ನೂ ನೋಡಿದೆ. ಶಿರಸಿಯವರು ಹೇಳಿದ ಜಾಗದಲ್ಲಿ ಒರಟಾದ ಎರಕದ ಕಬ್ಬಿಣ ಮಾತ್ರ ಇದೆ, ರಂಧ್ರವಿಲ್ಲ, ಮುಚ್ಚಿದ ಗುರುತೂ ಇಲ್ಲ. ಬಲಬದಿಯ ತಗಡಿನಲ್ಲಿ 15ಜಿಬಿ ಎಂದೇ ಇದೆ, ನಂಬರು ಆರ್‌ಸಿಗೂ ಹೊಂದುತ್ತದೆ. ಆದರೆ ಬ್ಲಾಕಿನ ಹಸಿರು ಬಣ್ಣ ತಗಡಿನ ಅಡಿಯಲ್ಲಿಯೂ ಹೊಸದಾಗಿ ಮುಂದುವರಿದಿದೆ, ತಗಡಿನ ಒಂದು ಮೂಲೆ ಹಿಂದೊಮ್ಮೆ ಕಿತ್ತಂತೆ ಮಡಚಿದೆ. ಡೈನಮೋ ಒರೆಸಿದಾಗ ಮಾತ್ರ ಸಂತೋಷವಾಯಿತು: 5 57 ಎಂಬ ಅಂಕಿಗಳು ಸ್ಪಷ್ಟವಾಗಿ ಕಂಡವು. ನೆಲವೂ ಪ್ಲೈವುಡ್ಡೇ ಆಗಿದೆ.

ಬಲಬದಿಯ ಹಬ್ಬಿಗೆ ಇಂದೇ ಬರೆದಿದ್ದೇನೆ, ಪ್ರಮಾಣಪತ್ರಕ್ಕೆ ಚಾಸಿ ನಂಬರನ್ನೂ ಕಳಿಸಿದ್ದೇನೆ. ಅಂಬಾಸಿಡರ್ ಎಂಜಿನ್ನನ್ನು ತೆಗೆಯುವುದಿಲ್ಲ. ಅದು ಚೆನ್ನಾಗಿ ಓಡುತ್ತಿದೆ. ಆದರೆ ಅದರ ನಿಜವಾದ ವಿವರವನ್ನು ಆರ್‌ಟಿಒ ಕಚೇರಿಗೆ ಬರೆದುಕೊಡುತ್ತೇನೆ. ಟ್ಯಾಕೋ ಡ್ರೈವ್ ಇರುವ ಎಂಜಿಎ ಬ್ಲಾಕ್, ಒಡೆದದ್ದಾದರೂ ಸರಿ, ಯಾರ ಗ್ಯಾರೇಜಿನ ಮೂಲೆಯಲ್ಲಾದರೂ ಕಂಡರೆ ದಯವಿಟ್ಟು ಇಲ್ಲಿಯೇ ತಿಳಿಸಿ.