ಹಾಲ್‌ಗೆ ಯಾವುದು, ಬೆಡ್‌ರೂಮಿಗೆ ಯಾವುದು? ಕಾರ್ಪೆಟ್ ವಿಷಯದಲ್ಲಿ ಸಲಹೆ ಬೇಕು

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ನಮ್ಮದು. ನೆಲಕ್ಕೆಲ್ಲ ವಿಟ್ರಿಫೈಡ್ ಟೈಲ್ಸ್, ಒರೆಸಿದ ಮೇಲೆ ಸುಮ್ನೆ ನಡೆದರೂ ಜಾರುತ್ತದೆ. ಮನೆಯಲ್ಲಿ ನಾವಿಬ್ಬರು, ಒಂದೂವರೆ ವರ್ಷದ ಮಗ, 72 ವರ್ಷದ ಅತ್ತೆ. ಅತ್ತೆಗೆ ಮಂಡಿನೋವು. ಡಿಸೆಂಬರ್ ಬಂತು ಅಂದರೆ ಬೆಳಗ್ಗೆ ಎದ್ದು ನೆಲಕ್ಕೆ ಕಾಲಿಡೋದೇ ಕಷ್ಟ ಅವರಿಗೆ.

ನಾಲ್ಕು ವರ್ಷದ ಹಿಂದೆ ಒಂದು ಮೇಳದಲ್ಲಿ ದಪ್ಪ ಕಾರ್ಪೆಟ್ ತಂದಿದ್ದೆವು. 'ಪೂರ್ತಿ ಕೈಕೆಲಸ ಮೇಡಂ, ಜನ್ಮಕ್ಕೆ ಬರುತ್ತೆ' ಅಂದಿದ್ದ ಮಾರುವವನು. ಕಳೆದ ವಾರ ಸೋಫಾ ಸರಿಸಿ ಅದನ್ನು ಸುತ್ತಿದರೆ ಕೆಳಗೆಲ್ಲ ಹಳದಿ ಪುಡಿ, ರವೆ ಚೆಲ್ಲಿದ ಹಾಗೆ. ಹಿಂಬದಿಯ ಬಟ್ಟೆ ಕಿತ್ತು ಬಂದಿದೆ. ಹಳೇ ಸೈಕಲ್ ಟ್ಯೂಬಿನ ವಾಸನೆ. ಮಗ ದಿನಾ ಅದರ ಮೇಲೆಯೇ ಉರುಳಾಡುತ್ತಿದ್ದ!

ಅದನ್ನು ಎತ್ತಿ ಹೊರಗೆ ಹಾಕಿದ್ದಾಯಿತು. ಈಗ ಹೊಸದು ತಗೊಳ್ಳಬೇಕು. ಹಾಲ್ 14 ಅಡಿಗೆ 11 ಅಡಿ. ಅದರ ಪಕ್ಕದಲ್ಲೇ ಊಟದ ಟೇಬಲ್, 5 ಅಡಿಗೆ 3 ಅಡಿ. ಎರಡು ಬೆಡ್‌ರೂಮು. ಅಡುಗೆಮನೆಗೂ ಏನಾದರೂ ಹಾಕಬೇಕಾ? ಸೆಣಬಿನದು ನೋಡೋಕೆ ಚೆನ್ನಾಗಿದೆ ಅನ್ನಿಸ್ತು. ಯಾರಾದರೂ ಬಳಸಿದ್ದೀರಾ?

ಟೇಪ್ ಮಾಸ್ಟರ್, ಹುಬ್ಬಳ್ಳಿ:

ಇಪ್ಪತ್ತು ವರ್ಷ ಪರದೆ, ಸೋಫಾ ಬಟ್ಟೆ, ಕಾರ್ಪೆಟ್ ಅಂತ ಮನೆಮನೆಗೆ ಹೋಗಿ ಅಳತೆ ತಗೊಂಡವನು ನಾನು. ಈಗ ಕೆಲಸ ಬಿಟ್ಟಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳಬಹುದು ನೋಡ್ರಿ.

ನಿಮಗೆ ಕೊಟ್ಟದ್ದು ಟಫ್ಟೆಡ್ ಕಾರ್ಪೆಟ್. ಬಟ್ಟೆಗೆ ಗನ್ನಿನಂಥ ಯಂತ್ರದಿಂದ ದಾರ ಚುಚ್ಚಿ, ಹಿಂದೆ ಲೇಟೆಕ್ಸ್ ಅನ್ನೋ ರಬ್ಬರ್ ಅಂಟು ಬಳಿದು, ಮೇಲೊಂದು ಬಟ್ಟೆ ಅಂಟಿಸಿರುತ್ತಾರೆ. ಆ ಗನ್ನನ್ನು ಕೈಯಲ್ಲಿ ಹಿಡಿದರೂ ಕೈಕೆಲಸವೇ ಅಲ್ವಾ, ಅವನು ಪೂರ್ತಿ ಸುಳ್ಳೇನೂ ಹೇಳಿಲ್ಲ! ಅಂಟು ಒಣಗಿದರೆ ಪುಡಿ ಉದುರುತ್ತದೆ. ಅಂಗಡಿಯಲ್ಲಿ ಮೊದಲು ಮಗುಚಿ ನೋಡಬೇಕು. ಒಂದೊಂದೇ ಗಂಟು ಹಾಕಿ ನೇಯ್ದದ್ದಾದರೆ ಮೇಲಿನ ಚಿತ್ರವೇ ಹಿಂದೆಯೂ ಕಾಣುತ್ತದೆ. ತುದಿಯ ಕುಚ್ಚು ಕೂಡ ಹಾಸಿನ ದಾರವೇ ಆಗಿರುತ್ತದೆ, ಆಮೇಲೆ ಹೊಲಿದದ್ದಲ್ಲ. ಕಾಶ್ಮೀರದ್ದು, ಉತ್ತರ ಪ್ರದೇಶದ ಭದೋಹಿಯ ಒಳ್ಳೆ ಮಾಲು ಹೀಗಿರುತ್ತದೆ. ಆದರೆ ಭದೋಹಿಯಲ್ಲಿ ಟಫ್ಟೆಡ್ಡೂ ಮಾಡುತ್ತಾರೆ. ಊರಿನ ಹೆಸರು ಕೇಳಿ ದುಡ್ಡು ಕೊಡಬೇಡಿ.

ಚಿಕ್ಕ ಮಗು ಇರುವ ಮನೆಗೆ ನನ್ನ ಓಟು ಹತ್ತಿ ಜಮಖಾನಕ್ಕೆ. ಅದಕ್ಕೆ ಹಿಂದೆ ಮುಂದೆ ಅಂತಿಲ್ಲ, ಎರಡೂ ಕಡೆ ಒಂದೇ. ಅಂಟಿಲ್ಲ, ಧೂಳು ಅಡಗಿ ಕೂರೋಕೆ ಜಾಗ ಇಲ್ಲ. ನಮ್ಮ ನವಲಗುಂದ ಹುಬ್ಬಳ್ಳಿಯಿಂದ ನರಗುಂದಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಹೆಣ್ಣುಮಕ್ಕಳು ಮನೆಯೊಳಗೇ ನಿಲುವು ಮಗ್ಗ ಹೂಡಿ ನೇಯುತ್ತಾರೆ. ನವಿಲು, ಪಗಡೆ ಹಾಸು, ಗಾಢ ಬಣ್ಣ. ಜಿಐ ಗುರುತು, ಅಂದರೆ ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು ಸಿಕ್ಕ ಮಾಲು ಅದು. ಈಗ ನೇಯುವ ಕೈಗಳು ಕಡಿಮೆ, ಕೇಳಿ ಕಾದು ತಗೋಬೇಕು. ಯಾವ ಜಮಖಾನ ಕೊಂಡರೂ ಒದ್ದೆ ಬಿಳಿ ಕರವಸ್ತ್ರದಿಂದ ಕೆಂಪು ಬಣ್ಣದ ಮೇಲೊಮ್ಮೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇಡ.

ಇನ್ನು ಅಳತೆ. ಜನ ಎಡವೋದೇ ಇಲ್ಲಿ. ಹಾಲ್‌ನ ನಡುವೆ ಟೀಪಾಯಿ ಕೆಳಗೆ ಕರವಸ್ತ್ರದಷ್ಟು ಹಾಸಿದರೆ ಹಾಲ್ ಇನ್ನೂ ಸಣ್ಣದಾಗಿ ಕಾಣುತ್ತದೆ. ಸೋಫಾದ ಮುಂದಿನ ಕಾಲಾದರೂ ಅದರ ಮೇಲೆ ಬರಬೇಕು. ನಿಮಗೆ 8ಕ್ಕೆ 6 ಅಥವಾ 9ಕ್ಕೆ 7 ಆಗಬಹುದು. ಕೊಳ್ಳುವ ಮುಂಚೆ ಒಂದು ಹಳೇ ಸೀರೆ ತಗೊಳ್ಳಿ. ಐದೂವರೆ ಮೀಟರ್ ಅಂದರೆ ಸುಮಾರು 18 ಅಡಿ, ಅಗಲ ಮೂರೂವರೆಯಿಂದ ನಾಲ್ಕಡಿ. 9 ಅಡಿ ಹಾಸಿ, ತಿರುಗಿಸಿ ಪಕ್ಕದಲ್ಲೇ ವಾಪಸ್ ತಂದರೆ ಹತ್ತಿರ ಹತ್ತಿರ 9ಕ್ಕೆ 7ರ ಕಾರ್ಪೆಟ್ಟೇ ಆಯಿತು! ಎರಡು ದಿನ ಹಾಗೇ ಬಿಡಿ. ಬಾಗಿಲು ತೆಗೆಯೋಕೆ ಬರುತ್ತಾ, ಯಾರ ಕಾಲಿಗೆ ಅಂಚು ಸಿಗುತ್ತೆ, ಎಲ್ಲ ಗೊತ್ತಾಗುತ್ತದೆ. ಮುದುಕರಿರುವ ಮನೆಯಲ್ಲಿ ಸೀರೆ ಹಾಸಿದಾಗ ಅವರನ್ನು ಆ ಕಡೆ ಓಡಾಡಲು ಬಿಡಬೇಡಿ ಮತ್ತೆ, ಜಾರುತ್ತದೆ.

ಊಟದ ಟೇಬಲ್ ಕೆಳಗೆ ಏನೂ ಬೇಡ. ಹಾಕಲೇಬೇಕು ಅಂದರೆ ಕುರ್ಚಿ ಹಿಂದಕ್ಕೆಳೆದರೂ ಅದರ ಮೇಲೇ ಇರಬೇಕು, ಅಂದರೆ ಸುತ್ತ ಎರಡೆರಡು ಅಡಿ ಜಾಸ್ತಿ. ನಿಮ್ಮ ಟೇಬಲ್ಲಿಗೆ 9ಕ್ಕೆ 7. ಸಾರು ಅನ್ನ ತಿನ್ನುವ ನಮಗೆ ಅದರ ಉಸಾಬರಿ ಯಾಕೆ?

ಕೊಪ್ಪದ ಮಳೆ:

ಸೆಣಬಿನದು ಕೇಳಿದಿರಲ್ಲ, ನಾನು ಬಳಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗಲ್ಲ. ಜುಲೈ ಮುಗಿಯುವಷ್ಟರಲ್ಲಿ ಬೂಷ್ಟು ಬಂದು ಮುಗ್ಗಲು ವಾಸನೆ. ಬೆಂಗಳೂರಲ್ಲಿ ಅಷ್ಟಿರಲ್ಲ ಬಿಡಿ. ಆದರೆ ನೀರು ಬಿದ್ದ ಕಡೆ ಸೆಣಬು ಕಂದು ಕಲೆಯಾಗುತ್ತದೆ, ಹೋಗಲ್ಲ. ಚಿಕ್ಕ ಮಗುವಿನ ಮಂಡಿಗೂ ಒರಟು.

ಅತ್ತೆಯವರ ರೂಮಿಗೆ ಮಂಚದ ಪಕ್ಕ, ಅವರು ಕಾಲು ಇಳಿಸುವ ಕಡೆ ಮಾತ್ರ ಹಾಸಿ. ತೆಳ್ಳಗಿನದೇ ಇರಲಿ. ದಪ್ಪ ಅಂಚಿಗೆ ಕಾಲು ಎತ್ತಿ ಇಡೋಕೆ ಮಂಡಿನೋವಿದ್ದವರಿಗೆ ಆಗಲ್ಲ. ನನ್ನ ಅಮ್ಮ ಬಿದ್ದದ್ದು ಬಚ್ಚಲಲ್ಲಿ ಅಲ್ಲ, ಬೆಡ್‌ರೂಮಿನ ಮಡಚಿಕೊಂಡ ಮ್ಯಾಟಿನಲ್ಲಿ. ಕೆಳಗೆ ಜಾಲರಿಯಂಥ ರಬ್ಬರ್ ಶೀಟ್ ಸಿಗುತ್ತದೆ, ಅದನ್ನು ಕಾರ್ಪೆಟ್ಟಿಗಿಂತ ಒಂದಿಂಚು ಒಳಗೇ ಬರುವ ಹಾಗೆ ಕತ್ತರಿಸಿ ಹಾಕಿ.

ಅಡುಗೆಮನೆಯಲ್ಲಿ ಸಿಂಕ್ ಮುಂದೆ ವಾಷಿಂಗ್ ಮಷೀನಿಗೆ ಹಾಕಬಹುದಾದ ಸಣ್ಣದೊಂದು ಸಾಕು. ಎರಡು ಇಟ್ಟುಕೊಳ್ಳಿ, ಒಂದು ಒಗೆಯೋಕೆ ಹೋದಾಗ ಇನ್ನೊಂದು. ಒಲೆ ಹತ್ತಿರ ಬೇಡ.

ಮೂರನೇ ಮಹಡಿ:

ಸೀರೆ ಪ್ರಯೋಗ ಮಾಡಿದೆವು! ಅತ್ತೆಯನ್ನು ಸೋಫಾದಲ್ಲಿ ಕೂರಿಸಿ, ಅವರದೇ ಹಳೇ ವಾಯಿಲ್ ಸೀರೆ ಹಾಸಿದೆ. 9ಕ್ಕೆ 7 ಆದರೆ ಬಾಲ್ಕನಿ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಯಿತು. ಅದಕ್ಕೇ 8ಕ್ಕೆ 6ರ ಹತ್ತಿ ಜಮಖಾನ ತಂದೆವು. ನವಲಗುಂದದ್ದು ಹಾಲ್ ಅಳತೆಗೆ ಸದ್ಯ ಸಿಗಲಿಲ್ಲ. ಅತ್ತೆಯ ಮಂಚದ ಪಕ್ಕಕ್ಕೆ ಸಣ್ಣದು ಹೇಳಿಟ್ಟಿದ್ದೇವೆ, ನವಿಲಿರೋದು. ಅವರಿಗೆ ಪಗಡೆದು ಬೇಕಿತ್ತಂತೆ, ಆಮೇಲೆ ಹೇಳಿದರು.

ಒಂದೇ ತೊಂದರೆ. ಇದು ಒದ್ದೆಯಾದರೆ ಎಷ್ಟು ಭಾರ ಮಾರಾಯ್ರೇ! ನಮ್ಮ ಏಳು ಕೆಜಿ ಮಷೀನಿಗೆ ತುರುಕೋಕೂ ಆಗಲ್ಲ. ಮತ್ತೆ ನಿನ್ನೆ ಮಗ ಅರ್ಧ ಲೋಟ ಹಾಲು ಚೆಲ್ಲಿದ. ಪೂರ್ತಿ ಒಗೆಯಬೇಕಾ?

ಟೇಪ್ ಮಾಸ್ಟರ್, ಹುಬ್ಬಳ್ಳಿ:

ಬೇಡ. ಕೆಳಗೊಂದು ಟವೆಲ್ ಇಟ್ಟು, ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಅಷ್ಟು ಜಾಗ ಮಾತ್ರ ಒತ್ತಿ ಒತ್ತಿ ತೆಗೆಯಿರಿ. ಉಜ್ಜಬೇಡಿ. ಬಿಸಿನೀರು ಹಾಕಿದರೆ ಹಾಲು ಕಚ್ಚಿಕೊಳ್ಳುತ್ತದೆ. ಆಮೇಲೆ ಎರಡು ಕುರ್ಚಿ ಬೆನ್ನಿನ ಮೇಲೆ ಹಾಕಿ ಫ್ಯಾನ್ ಬಿಡಿ. ಪೂರ್ತಿ ಒಣಗದೆ ಮತ್ತೆ ನೆಲಕ್ಕೆ ಹಾಸಬೇಡಿ.