ಕೌಂಟಿಯ ಕ್ರಿಮಿನಲ್ ದಾಖಲೆ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ವಾದ

ದಾವಣಗೆರೆ ದೊಡ್ಡಪ್ಪ: ಅಮೆರಿಕದ ಯಾವುದೇ ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಯಾರ ಮೇಲೆ ಯಾವ ಕ್ರಿಮಿನಲ್ ಮೊಕದ್ದಮೆ ಇದೆ ಎಂಬುದನ್ನು ಐದೇ ನಿಮಿಷದಲ್ಲಿ ತಿಳಿಯುವ ಬಗೆಯನ್ನು ವಿವರಿಸುವ ಲಿಂಕೊಂದನ್ನು ಮೇಲೆ ಹಾಕಿದ್ದೇನೆ. ನನ್ನ ಮಗಳಿಗೆ ನಾವು ನೋಡುತ್ತಿರುವ ಹುಡುಗನ ಹೆಸರನ್ನೂ ಸ್ಯಾಂಟಾ ಕ್ಲಾರಾ ಕೌಂಟಿಯನ್ನೂ ಅದರಲ್ಲಿ ನಮೂದಿಸಿದಾಗ, ಕ್ರಿಮಿನಲ್ ದಾಖಲೆ ಇರಬಹುದೆಂದು ಕೆಂಪು ಅಕ್ಷರಗಳಲ್ಲಿ ಬಂದಿತು. ಸ್ಕ್ರೀನ್‌ಶಾಟ್ ನೋಡಿ. ಪೂರ್ಣ ವರದಿಗೆ ಹಣ ಕಟ್ಟಬೇಕಂತೆ. ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಮೊದಲು ಈ ವಿಷಯ ಇತ್ಯರ್ಥವಾಗಲೇಬೇಕು.

ಮೈಸೂರು ಅತ್ತೆ: ಈ ಸಂಬಂಧವನ್ನು ತಂದವಳು ನಾನು. ಆ ಮನೆಯವರನ್ನು ಮೂವತ್ತು ವರ್ಷಗಳಿಂದ ಬಲ್ಲೆ. ಯಾವುದೋ ವೆಬ್‌ಸೈಟಿನ ಒಂದು ಸಾಲಿಗೆ ಹೆದರಿ ಹುಡುಗನ ಮೇಲೆ ಅನುಮಾನ ಪಡುವುದು ಸರಿಯಲ್ಲ. ನೀವು ಈ ಸ್ಕ್ರೀನ್‌ಶಾಟನ್ನು, ಸಂಬಂಧ ಹುಡುಕುವವರೆಲ್ಲ ಇರುವ ವಧೂವರರ ಗುಂಪಿಗೂ ಕಳುಹಿಸಿದ್ದೀರಿ ಎಂದು ಕೇಳಿ ನನಗೆ ತುಂಬಾ ನೋವಾಗಿದೆ.

ಸ್ಯಾನ್ ಹೋಸೆ ಅಕ್ಕ: ದೊಡ್ಡಪ್ಪ, ನಿಮ್ಮ ಆತಂಕ ನ್ಯಾಯವಾದದ್ದೇ. ಮಗಳನ್ನು ಇಷ್ಟು ದೂರ ಕಳುಹಿಸುವ ತಂದೆ ವಿಚಾರಿಸದೆ ಕಳುಹಿಸಬಾರದು. ಆದರೆ ನೀವು ನೋಡಿದ್ದು ಕೋರ್ಟಿನ ದಾಖಲೆಯಲ್ಲ. ಬೇರೆ ಬೇರೆ ಕಡೆಗಳಿಂದ ಹೆಸರು, ವಿಳಾಸಗಳನ್ನು ಕಲೆಹಾಕಿ ಮಾರುವ ಖಾಸಗಿ ಕಂಪನಿಯೊಂದರ ಪುಟ ಅದು. ಕುತೂಹಲ ಕೆರಳಿದಷ್ಟೂ ಅವರಿಗೆ ಲಾಭ. 2023ರಲ್ಲಿ, ಗ್ರಾಹಕರ ಹಿತ ಕಾಯುವ ಇಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಇದೇ ವ್ಯಾಪಾರದ ಟ್ರುತ್‌ಫೈಂಡರ್ ಮತ್ತು ಇನ್‌ಸ್ಟಂಟ್ ಚೆಕ್‌ಮೇಟ್ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಬರೀ ಟ್ರಾಫಿಕ್ ದಂಡದ ಚೀಟಿ ಇದ್ದವರ ವಿಷಯದಲ್ಲೂ ಕ್ರಿಮಿನಲ್ ಅಥವಾ ಬಂಧನದ ದಾಖಲೆ ಇದೆ ಎಂದು ಭಾವಿಸುವಂತೆ ಅವರು ಸೂಚನೆ ಕಳುಹಿಸುತ್ತಿದ್ದರು ಎಂಬುದು ಆರೋಪಗಳಲ್ಲಿ ಒಂದಾಗಿತ್ತು. ಆ ಪ್ರಕರಣ 58 ಲಕ್ಷ ಡಾಲರ್ ದಂಡದೊಂದಿಗೆ ಮುಗಿಯಿತು. ಆದ್ದರಿಂದ ಆ ಕೆಂಪು ಸಾಲಿಗೆ ದಯವಿಟ್ಟು ಹಣ ಕಟ್ಟಬೇಡಿ.

ಧಾರವಾಡ ಮಾವ: ಖಾಸಗಿ ಸೈಟನ್ನು ಬಿಟ್ಟುಬಿಡೋಣ. ನಾನು ಕೇಳುವುದು ಕೋರ್ಟಿನ ಮಾತು. ನಮ್ಮಲ್ಲಿ ಇ-ಕೋರ್ಟ್ಸ್ ಸೈಟಿನಲ್ಲಿ ಜಿಲ್ಲೆಯನ್ನು ಆರಿಸಿ ಪಕ್ಷಗಾರನ ಹೆಸರು ಹಾಕಿದರೆ ಮೊಕದ್ದಮೆಗಳ ಪಟ್ಟಿಯೇ ಬರುತ್ತದೆ. ಸೂಕ್ಷ್ಮ ಪ್ರಕರಣಗಳನ್ನು ಹೊರತುಪಡಿಸಿ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ನಿರ್ದೇಶಿಸಿದೆ. ಅಮೆರಿಕದ ಕೋರ್ಟ್ ದಾಖಲೆ ಸಾರ್ವಜನಿಕ ಎಂದು ಎಲ್ಲರೂ ಹೇಳುತ್ತಾರೆ. ಸಾರ್ವಜನಿಕ ಎಂದ ಮೇಲೆ ಅದನ್ನು ನೋಡಲು ಇಷ್ಟು ಹಿಂಜರಿಕೆ ಏಕೆ?

ಸ್ಯಾನ್ ಹೋಸೆ ಅಕ್ಕ: ಹಿಂಜರಿಕೆ ಇಲ್ಲ ಮಾವ. ನೋಡುವುದಾದರೆ ಸರಿಯಾದ ಜಾಗದಲ್ಲಿ ನೋಡೋಣ ಎನ್ನುವುದಷ್ಟೇ ನನ್ನ ಮಾತು. ಸ್ಯಾಂಟಾ ಕ್ಲಾರಾ ಇರುವ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 58 ಕೌಂಟಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆದ ಸುಪೀರಿಯರ್ ಕೋರ್ಟ್, ಅಂದರೆ ಮೊಕದ್ದಮೆಗಳ ವಿಚಾರಣೆ ನಡೆಸುವ ಕೋರ್ಟ್ ಇದೆ. ಇಡೀ ರಾಜ್ಯದ ಮೊಕದ್ದಮೆಗಳನ್ನು ಜನಸಾಮಾನ್ಯರು ಒಂದೇ ಕಡೆ ಹುಡುಕುವ ವ್ಯವಸ್ಥೆ ಇಲ್ಲಿಲ್ಲ. ರಾಜ್ಯದ ನ್ಯಾಯ ಇಲಾಖೆಯ ಬಳಿ ಬೆರಳಚ್ಚಿನ ಆಧಾರದ ಪೂರ್ಣ ಇತಿಹಾಸ ಇರುತ್ತದೆ, ಆದರೆ ಅದು ಸಾರ್ವಜನಿಕವಲ್ಲ. ಸಾರ್ವಜನಿಕವಾಗಿರುವುದು ಆಯಾ ಕೌಂಟಿಯ ಕೋರ್ಟಿನ ಕಡತ. ಅದರಲ್ಲೂ ಕ್ರಿಮಿನಲ್ ಕಡತದ ಕಾಗದಪತ್ರಗಳನ್ನು ಮನೆಯಲ್ಲಿ ಕುಳಿತು ತೆರೆಯಲು ರಾಜ್ಯದ ಕೋರ್ಟ್ ನಿಯಮ 2.503 ಬಿಡುವುದಿಲ್ಲ. ದೂರದಿಂದ ಸಿಗುವುದು ಹೆಚ್ಚೆಂದರೆ ಮೊಕದ್ದಮೆಗಳ ಹೆಸರಿನ ಸೂಚಿ ಮತ್ತು ಕಲಾಪದ ಪಟ್ಟಿ. ಉಳಿದದ್ದನ್ನು ಕೋರ್ಟಿಗೇ ಹೋಗಿ ನೋಡಬೇಕು. ಸ್ಯಾಂಟಾ ಕ್ಲಾರಾದ ಮಟ್ಟಿಗೆ ಅದು ಇಲ್ಲಿನ ವೆಸ್ಟ್ ಹೆಡಿಂಗ್ ಸ್ಟ್ರೀಟ್‌ನಲ್ಲಿರುವ ಹಾಲ್ ಆಫ್ ಜಸ್ಟಿಸ್. ಸಿಬ್ಬಂದಿ ಹುಡುಕಲು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ 15 ಡಾಲರ್, ಪ್ರತಿಗೆ ಪುಟಕ್ಕೆ 50 ಸೆಂಟ್. ನಿಮ್ಮ ಲಿಂಕಿನವರು ಕೇಳುವುದಕ್ಕಿಂತ ಇದು ದುಬಾರಿಯೇನಲ್ಲ.

ಇನ್ನೊಂದು ತೊಡಕನ್ನು ಎಲ್ಲರೂ ಗಮನಿಸಬೇಕು. ಆ ಸೂಚಿಯಲ್ಲಿ ಜನ್ಮದಿನಾಂಕ ಇರುವುದಿಲ್ಲ. ರಿವರ್‌ಸೈಡ್ ಕೌಂಟಿಯ ಕೋರ್ಟ್ ತನ್ನ ಸೈಟಿನಲ್ಲಿ ಜನ್ಮದಿನಾಂಕ ಮತ್ತು ಡ್ರೈವಿಂಗ್ ಲೈಸೆನ್ಸ್ ಸಂಖ್ಯೆಯಿಂದ ಹುಡುಕಲು ಅವಕಾಶ ಕೊಟ್ಟಿತ್ತು. ಹಳೆಯ ಶಿಕ್ಷೆಯ ಕಾರಣಕ್ಕೆ ಕೆಲಸವೂ ಮನೆಯೂ ಸಿಗದವರ ಪರವಾಗಿ ಹೋರಾಡುವ ಸಂಘಟನೆಯೊಂದು ಅದನ್ನು ಪ್ರಶ್ನಿಸಿತು, ಮತ್ತು ಹಾಗೆ ಹುಡುಕಲು ಬಿಡುವುದು, ಸೂಚಿಯಲ್ಲಿ ಏನಿರಬಾರದು ಎಂದು ಹೇಳುವ ನಿಯಮ 2.507ಕ್ಕೆ ವಿರುದ್ಧ ಎಂದು ಮೇಲ್ಮನವಿ ನ್ಯಾಯಾಲಯ 2021ರಲ್ಲಿ ತೀರ್ಪು ಕೊಟ್ಟಿತು. ಅಂದರೆ ನಮ್ಮ ಕೈಗೆ ಸಿಗುವುದು ಬರೀ ಹೆಸರು. ನಮ್ಮ ಹುಡುಗನ ಹೆಸರಿನ ಕೊನೆಗೆ ಕುಮಾರ್ ಎಂದಿದೆ. ಈ ಕೌಂಟಿಯಲ್ಲಿ ಎಷ್ಟು ಕುಮಾರ್‌ಗಳಿರಬಹುದೆಂದು ನೀವೇ ಊಹಿಸಿ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವನ್ನು ಖಾಲಿ ಬಿಟ್ಟ ಎಷ್ಟೋ ಕನ್ನಡಿಗರ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬಿದ್ದಿರುತ್ತದೆ. ಅಪ್ಪನ ಹೆಸರು ಒಂದು ದಾಖಲೆಯಲ್ಲಿ ನಡುವೆ ಇದ್ದರೆ ಇನ್ನೊಂದರಲ್ಲಿ ಕೊನೆಗೆ ಇರುತ್ತದೆ. ಹೀಗಿರುವಾಗ ಯಾರದೋ ಮೊಕದ್ದಮೆ ನಮ್ಮವನ ತಲೆಗೆ ಬರಬಹುದು. ನಮ್ಮವನದೇ ಇದ್ದರೂ ಸಿಗದೆ ಹೋಗಬಹುದು.

ದಾವಣಗೆರೆ ದೊಡ್ಡಪ್ಪ: ಹಾಗಾದರೆ ಹುಡುಗನೇ ಪೊಲೀಸ್ ಪ್ರಮಾಣಪತ್ರ ತಂದುಕೊಡಲಿ. ತಪ್ಪಿಲ್ಲದವನಿಗೆ ಅದರಲ್ಲಿ ಕಷ್ಟವೇನಿದೆ?

ಧಾರವಾಡ ಮಾವ: ಅದೇ ಉತ್ತಮ. ನ್ಯಾಯ ಇಲಾಖೆಯಲ್ಲಿ ತನ್ನ ದಾಖಲೆಯನ್ನು ತಾನೇ ಪಡೆಯುವ ಹಕ್ಕು ಅವನಿಗಿರಬೇಕಲ್ಲವೇ? ಅದರ ಪ್ರತಿಯನ್ನು ನಮಗೆ ಕಳುಹಿಸಿದರೆ ವಾದವೇ ಮುಗಿಯಿತು.

ಸ್ಯಾನ್ ಹೋಸೆ ಅಕ್ಕ: ಹಕ್ಕು ಇದೆ ಮಾವ. ಲೈವ್ ಸ್ಕ್ಯಾನ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು, ಇಲಾಖೆಗೆ 25 ಡಾಲರ್ ಕಟ್ಟಿದರೆ ಅವನಿಗೆ ಅವನ ದಾಖಲೆ ಬರುತ್ತದೆ. ಆದರೆ ಅದರ ಪ್ರತಿಯನ್ನು ತೋರಿಸೆಂದು ಇನ್ನೊಬ್ಬರು ಕೇಳುವುದನ್ನೇ ಇಲ್ಲಿನ ದಂಡ ಸಂಹಿತೆಯ 11125ನೇ ಕಲಂ ಅಪರಾಧವೆಂದು ಪರಿಗಣಿಸುತ್ತದೆ. ದಾಖಲೆ ಇದೆಯೋ ಇಲ್ಲವೋ ಎಂಬ ಪತ್ರವನ್ನು ಕೇಳುವುದೂ ಅದರಲ್ಲೇ ಸೇರಿದೆ. ಕೆಲಸ ಕೊಡುವವರು, ಮನೆ ಬಾಡಿಗೆಗೆ ಕೊಡುವವರು ಜನರನ್ನು ಹೀಗೆ ಒತ್ತಾಯಿಸಬಾರದೆಂದು ಮಾಡಿದ ರಕ್ಷಣೆ ಅದು, ನಾನು ಅದನ್ನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಇನ್ನು ಭಾರತದ ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಪತ್ರ ಅಲ್ಲಿನ ಠಾಣೆಗಳ ಮಾತನ್ನು ಹೇಳೀತೇ ಹೊರತು ಇಲ್ಲಿನದನ್ನಲ್ಲ.

ಮೈಸೂರು ಅತ್ತೆ: ಇಷ್ಟೆಲ್ಲ ಆದ ಮೇಲೂ ಹುಡುಕಲೇಬೇಕೇ? ಹುಡುಗನ ಮನೆಯವರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೆ?

ಬೆಂಗಳೂರಿನ ತಂಗಿ: ಬೆಳಗ್ಗೆಯಿಂದ ಓದುತ್ತಿದ್ದೇನೆ. ಮದುವೆಯಾಗಬೇಕಾದವಳು ನಾನು, ಆದ್ದರಿಂದ ನನ್ನ ಪ್ರಶ್ನೆಯನ್ನೂ ಕೇಳುತ್ತೇನೆ. ಅವನು ಎಂದೋ ವೇಗವಾಗಿ ಕಾರು ಓಡಿಸಿ ದಂಡ ಕಟ್ಟಿದ್ದರೆ ನನಗೆ ಅದು ಮುಖ್ಯವಲ್ಲ. ಯಾರ ಮೇಲಾದರೂ ಕೈ ಮಾಡಿದ್ದಾನೆಯೇ, ಹಿಂದೆ ಸಂಗಾತಿಯೊಬ್ಬಳು ಅವನಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಗಿದ್ದಾಳೆಯೇ ಎಂಬುದು ಮುಖ್ಯ. ನಾನು ಅವನ ಹೆಂಡತಿಯಾಗಿ, ಅವನನ್ನು ಅವಲಂಬಿಸಿದವರಿಗೆ ಕೊಡುವ ಎಚ್-4 ವೀಸಾದಲ್ಲಿ ಹೋಗುವವಳು. ಅಲ್ಲಿ ನನ್ನದೆಂಬ ಸಂಬಳವೂ ಇರುವುದಿಲ್ಲ, ನನ್ನವರೂ ಇರುವುದಿಲ್ಲ. ಇದನ್ನು ತಿಳಿಯುವ ದಾರಿ ಇದೆಯೇ ಅಕ್ಕ?

ಸ್ಯಾನ್ ಹೋಸೆ ಅಕ್ಕ: ಇಡೀ ಚರ್ಚೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಅಮೆರಿಕದ ಪ್ರಜೆಯೊಬ್ಬ ಕೆ-1 ವೀಸಾದಲ್ಲಿ ಭಾವಿ ಪತ್ನಿಯನ್ನು ಕರೆಸಿಕೊಳ್ಳುವುದಾದರೆ, ಹಿಂಸೆಗೆ ಸಂಬಂಧಿಸಿದ ತನ್ನ ಹಳೆಯ ಶಿಕ್ಷೆಗಳನ್ನು ಅವನು ಅರ್ಜಿಯಲ್ಲಿ ತಿಳಿಸಲೇಬೇಕು ಮತ್ತು ಆ ಮಾಹಿತಿ ಹುಡುಗಿಗೆ ತಲುಪಬೇಕು ಎಂಬ ಕಾನೂನು 2006ರಿಂದ ಇದೆ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವನ ಹೆಂಡತಿಯಾಗಿ ಎಚ್-4ರಲ್ಲಿ ಬರುವವಳಿಗೆ ಆ ರಕ್ಷಣೆ ಇಲ್ಲ. ಆದ್ದರಿಂದ ನಾವೇ ನೋಡಬೇಕು, ಅದೂ ಎರಡು ಕಡೆ. ಸಂಗಾತಿಗೆ ಗಾಯ ಮಾಡಿದ ಆರೋಪ ಕ್ರಿಮಿನಲ್ ವಿಭಾಗದಲ್ಲಿ ದಂಡ ಸಂಹಿತೆಯ 273.5 ಅಥವಾ 243(ಇ)(1) ಎಂಬ ಸಂಖ್ಯೆಯಡಿ ಇರುತ್ತದೆ. ಗೃಹ ಹಿಂಸೆಯ ತಡೆಯಾಜ್ಞೆಗೆ ಹೆಂಗಸೇ ನೇರವಾಗಿ ಅರ್ಜಿ ಹಾಕಿದ್ದರೆ ಅದು ಕೌಟುಂಬಿಕ ವಿಭಾಗದ ಕಡತ. ಬರೀ ಕ್ರಿಮಿನಲ್ ಸೂಚಿಯನ್ನು ಹುಡುಕಿ ಏನೂ ಇಲ್ಲವೆಂದು ನಿಟ್ಟುಸಿರು ಬಿಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ದೊಡ್ಡಪ್ಪನ ಲಿಂಕಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಸಿಕ್ಕಿದ ಸಾಲನ್ನು ಓದಲೂ ಗೊತ್ತಿರಬೇಕು. ಸಂಖ್ಯೆಯ ಮುಂದೆ ವಿಸಿ ಎಂದಿದ್ದರೆ ಅದು ವಾಹನ ಸಂಹಿತೆ, ಪಿಸಿ ಎಂದಿದ್ದರೆ ದಂಡ ಸಂಹಿತೆ. ವಿಸಿ 12500 ಎಂದರೆ ಲೈಸೆನ್ಸ್ ಇಲ್ಲದೆ ಓಡಿಸಿದ್ದು, ವಿಸಿ 23152 ಎಂದರೆ ಕುಡಿದು ಓಡಿಸಿದ್ದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆರೋಪದ ಕೆಳಗೆ ಪಿಸಿ 1385 ಎಂದಿದ್ದರೆ ಮೊಕದ್ದಮೆಯನ್ನು ಕೋರ್ಟ್ ವಜಾ ಮಾಡಿದೆ ಎಂದರ್ಥ. ಪಿಸಿ 1203.4 ಎಂದಿದ್ದರೆ ಶಿಕ್ಷೆಯಾಗಿ, ಪ್ರೊಬೇಷನ್ ಎಂಬ ಕೋರ್ಟಿನ ನಿಗಾದ ಅವಧಿಯನ್ನು ಮುಗಿಸಿದ ಮೇಲೆ ವಜಾ ಆಗಿದೆ ಎಂದರ್ಥ. ಬಂಧನವಾದವರೆಲ್ಲ ಅಪರಾಧಿಗಳಲ್ಲ. ಶಿಕ್ಷೆಯಾಗದೆ ಮುಗಿದ ಬಂಧನದ ದಾಖಲೆಯನ್ನು ಮುಚ್ಚಿಸಿಕೊಳ್ಳುವ ಹಕ್ಕು 2018ರಿಂದ ಇಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಹೆಚ್ಚಿನವರಿಗೆ ಇದೆ.

ದಾವಣಗೆರೆ ದೊಡ್ಡಪ್ಪ: ಮುಚ್ಚಿದ್ದು ಕಾಣುವುದಿಲ್ಲ, ಹೆಸರು ಹೊಂದುವುದಿಲ್ಲ, ಕೇಳಿದರೆ ತಪ್ಪು. ಹಾಗಾದರೆ ಕೋರ್ಟಿಗೆ ಹೋಗಿ ನೋಡುವುದರಿಂದ ಪ್ರಯೋಜನವಾದರೂ ಏನು? ನಾನು ಹಣ ಕಟ್ಟಿ ವರದಿ ತರಿಸುವುದೇ ವಾಸಿ ಎನ್ನಿಸುತ್ತದೆ.

ಸ್ಯಾನ್ ಹೋಸೆ ಅಕ್ಕ: ಪ್ರಯೋಜನವಿದೆ ದೊಡ್ಡಪ್ಪ. ಹೆಸರು ಹೊಂದಿದ ಮೊಕದ್ದಮೆ ಸಿಕ್ಕರೆ ಅದರ ಸಂಖ್ಯೆ ಹಿಡಿದು ಕಡತವನ್ನೇ ತೆಗೆಸಿ ಓದಬಹುದು, ಅದು ನಮ್ಮ ಹುಡುಗನೋ ಬೇರೆಯವನೋ ಎಂಬುದು ಅಲ್ಲಿನ ವಿವರಗಳಿಂದ ಬಹುಮಟ್ಟಿಗೆ ತಿಳಿಯುತ್ತದೆ. ನೀವು ಹಣ ಕಟ್ಟಿ ತರಿಸುವ ವರದಿ ಆ ಕೆಲಸವನ್ನು ಮಾಡುವುದಿಲ್ಲ. ಏನೂ ಸಿಗದಿದ್ದರೆ ಏನೂ ನಡೆದೇ ಇಲ್ಲವೆಂದು ನಾನೂ ಹೇಳುವುದಿಲ್ಲ. ಸಾಮಾನ್ಯವಾಗಿ ಸಣ್ಣ ಅಪರಾಧಗಳ ಕಡತವನ್ನು ಕೋರ್ಟ್ ಐದು ವರ್ಷ, ಕುಡಿದು ಓಡಿಸಿದ್ದನ್ನು ಹತ್ತು ವರ್ಷ ಇಟ್ಟುಕೊಂಡರೆ ಸಾಕು. ಮೊಕದ್ದಮೆ ದಾಖಲಾಗುವುದು ಘಟನೆ ನಡೆದ ಕೌಂಟಿಯಲ್ಲಿ. ಹುಡುಗ ಕೆಲಸ ಮಾಡುವುದು ಸನಿವೇಲ್‌ನಲ್ಲಿ, ಅದು ಸ್ಯಾಂಟಾ ಕ್ಲಾರಾ ಕೌಂಟಿ. ಮನೆ ಇರುವುದು ಫ್ರೀಮಾಂಟ್‌ನಲ್ಲಿ, ಅದು ಅಲಮೀಡಾ ಕೌಂಟಿ. ಎಂಎಸ್ ಓದಿದ್ದು ಟೆಕ್ಸಾಸ್ ರಾಜ್ಯದ ಯುಟಿ ಡಲ್ಲಾಸ್ ವಿಶ್ವವಿದ್ಯಾಲಯದಲ್ಲಿ, ಆ ಕ್ಯಾಂಪಸ್ಸೇ ಡಲ್ಲಾಸ್ ಮತ್ತು ಕಾಲಿನ್ ಕೌಂಟಿಗಳ ಗಡಿಯ ಮೇಲಿದೆ. ನೀವು ನೋಡಿದ್ದು ಇವುಗಳಲ್ಲಿ ಒಂದನ್ನು ಮಾತ್ರ.

ಬೆಂಗಳೂರಿನ ತಂಗಿ: ಅಪ್ಪ, ವರದಿಗೆ ಹಣ ಕಟ್ಟಬೇಡಿ. ಪ್ರಮಾಣಪತ್ರವನ್ನು ಕೇಳುವುದು ತಪ್ಪಿರಬಹುದು, ಆದರೆ ಹಿಂದೆ ಏನಾದರೂ ನಡೆದಿದೆಯೇ ಎಂದು ಅವನನ್ನೇ ಮುಖ ನೋಡಿ ಕೇಳುವುದು ತಪ್ಪಲ್ಲ. ಇಂದು ರಾತ್ರಿ ವಿಡಿಯೋ ಕರೆಯಲ್ಲಿ ನಾನೇ ಕೇಳುತ್ತೇನೆ. ಅಕ್ಕ ಕ್ಯಾಲಿಫೋರ್ನಿಯಾದ ಎರಡೂ ಕೌಂಟಿಗಳ ಕೋರ್ಟಿನಲ್ಲಿ ನೋಡುತ್ತಾಳೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಆಗ ಅವನು ಕೊಡುವ ಉತ್ತರವೂ ನನಗೆ ಒಂದು ದಾಖಲೆಯೇ.

ಧಾರವಾಡ ಮಾವ: ಇದನ್ನು ನಾನು ಒಪ್ಪುತ್ತೇನೆ. ಭಾವ, ವಧೂವರರ ಗುಂಪಿನಿಂದ ಆ ಸ್ಕ್ರೀನ್‌ಶಾಟನ್ನು ಈಗಲೇ ಅಳಿಸಿ, ಅದು ದೃಢಪಡದ ಮಾಹಿತಿ ಎಂದು ನಿಮ್ಮ ಹೆಸರಿನಲ್ಲೇ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯ ಕುರಿತದ್ದು. ಹುಡುಗನ ತಂದೆ ಅದನ್ನು ಎತ್ತಿದರೆ, ಫಾರ್ವರ್ಡ್ ಮಾಡಿದ್ದಷ್ಟೇ ಎಂಬ ನಿಮ್ಮ ಉತ್ತರ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ದಾವಣಗೆರೆ ದೊಡ್ಡಪ್ಪ: ಅಳಿಸುತ್ತೇನೆ, ಬರೆಯುತ್ತೇನೆ. ಆದರೆ ಎರಡೂ ಕೋರ್ಟುಗಳ ಉತ್ತರ ಬರುವವರೆಗೆ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ನಾನು ಒಪ್ಪುವುದಿಲ್ಲ. ಇದನ್ನು ಯಾರೂ ತಪ್ಪು ತಿಳಿಯಬಾರದು.

ಮೈಸೂರು ಅತ್ತೆ: ಅದಕ್ಕೆ ನನ್ನ ಅಡ್ಡಿಯಿಲ್ಲ. ಹುಡುಗನ ತಾಯಿಗೆ ನಾನೇ ಫೋನು ಮಾಡಿ ತಿಳಿಸುತ್ತೇನೆ.

ಸ್ಯಾನ್ ಹೋಸೆ ಅಕ್ಕ: ಹಾಗೆಯೇ ಆಗಲಿ. ತಂಗಿ, ಅವನ ಹೆಸರು ಪಾಸ್‌ಪೋರ್ಟಿನಲ್ಲಿ ಮತ್ತು ಕ್ಯಾಲಿಫೋರ್ನಿಯಾ ಲೈಸೆನ್ಸಿನಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಅವನಿಂದಲೇ ಕೇಳಿ ನನಗೊಬ್ಬಳಿಗೇ ಕಳುಹಿಸು. ಈ ಗುಂಪಿನಲ್ಲಿ ಹಾಕಬೇಡ. ಕ್ರಿಮಿನಲ್ ಮತ್ತು ಕೌಟುಂಬಿಕ ಎರಡೂ ವಿಭಾಗಗಳಲ್ಲಿ ನೋಡಿ, ಏನು ಸಿಕ್ಕಿತು, ಏನು ಸಿಗಲಿಲ್ಲ, ಎಷ್ಟು ವರ್ಷಗಳಷ್ಟು ಹಿಂದಿನವರೆಗೆ ನೋಡಿದೆ ಎಂಬುದನ್ನು ಮೊದಲು ನಿನಗೆ ತಿಳಿಸುತ್ತೇನೆ. ಉಳಿದವರಿಗೆ ಎಷ್ಟು ಹೇಳಬೇಕೆಂಬುದನ್ನು ನೀನೇ ತೀರ್ಮಾನಿಸು.